ಟೆರೇಸಿನಲ್ಲಿ ಲಿಸಿಯಾಂಥಸ್ ಬೆಳೆಸೋದು ಹೇಗೆ?

ಬೊಕೆಯಲ್ಲಿ ನೋಡಿ ಗುಲಾಬಿ ಅಂದುಕೊಳ್ಳುವ ಎಷ್ಟೋ ಹೂವು ಗುಲಾಬಿ ಅಲ್ಲ, ಲಿಸಿಯಾಂಥಸ್. ಜೆನ್ಷಿಯನ್ ಕುಟುಂಬದ ಗಿಡ ಇದು. ಗ್ರಂಥಿಗೆ ಅಂಗಡಿಯ ಕಹಿ ಕಿರಾತಕಡ್ಡಿಯೂ ಅದೇ ಕುಟುಂಬದ್ದು. ಚಳಿ ಬೆಟ್ಟಗಳ ನೀಲಿ ಜೆನ್ಷಿಯನ್‌ಗೆ ನಮ್ಮೂರ ಸೆಕೆ ಆಗಿಬರುವುದಿಲ್ಲ. ಟೆಕ್ಸಾಸ್, ಮೆಕ್ಸಿಕೊ ಕಡೆಯ ಲಿಸಿಯಾಂಥಸ್ ಮಾತ್ರ ನಮ್ಮ ಬಸವನಗುಡಿ ಟೆರೇಸಿಗೆ ಚೆನ್ನಾಗಿ ಒಗ್ಗಿದೆ. ಘಮ ಇಲ್ಲ ಅಂತ ನಮ್ಮತ್ತೆ ಇದನ್ನು ದೇವರಿಗೆ ಮುಡಿಸುವುದಿಲ್ಲ. ಒಳ್ಳೇದೇ ಆಯ್ತು, ಹೂವು ಗಿಡದಲ್ಲೇ ಉಳಿಯುತ್ತದೆ!

ಬೀಜ ಬಿತ್ತಿದ ಮೇಲೆ ಹೂ ಕಾಣಲು 5-6 ತಿಂಗಳು ಬೇಕು. ಹಾಗಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ಬಿತ್ತಿ. ಸಸಿ ಚಿಕ್ಕದಿರುವಾಗ ಸೆಕೆ ಜಾಸ್ತಿ ಆದರೆ ಎಲೆಗಳೆಲ್ಲ ಮಣ್ಣಿಗೆ ಅಂಟಿಕೊಂಡು ಚಪ್ಪಟೆಯಾಗಿ ಕೂತುಬಿಡುತ್ತವೆ, ಕಾಂಡ ಮೇಲೇಳುವುದೇ ಇಲ್ಲ. ಮಾರ್ಚ್‌ನಲ್ಲಿ ಬಿತ್ತುವವರಿಗೆ ಆಗುವುದು ಇದೇ.

ಬೀಜ ಧೂಳಿನಷ್ಟು ಸಣ್ಣದು. ಅದಕ್ಕೇ ಜೇಡಿಮಣ್ಣಿನ ಲೇಪ ಹಾಕಿ ಗುಂಡಗೆ ಮಾಡಿ ಮಾರುತ್ತಾರೆ. ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಎರಡು ಸಲ ತೊಳೆದು, ಹಿಂಡಿ, ಟ್ರೇಗೆ ತುಂಬಿ. ಒಂದೊಂದು ಗುಳಿಗೆ ಒಂದೊಂದು ಬೀಜ ಇಡಿ. ಮೇಲೆ ಮಣ್ಣು ಮುಚ್ಚಲೇಬೇಡಿ, ಮೊಳೆಯಲು ಬೆಳಕು ಬೇಕು. ಲೇಪ ಕರಗುವವರೆಗೆ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸುತ್ತಿರಿ, ಒಣಗಿ ಬಿರುಕು ಬಿಟ್ಟರೆ ಬೀಜ ಹೋದಂತೆಯೇ. ಸುಮಾರು ಎರಡು ವಾರಕ್ಕೆ ಸೂಜಿಮೊನೆಯಷ್ಟು ಹಸಿರು ಕಾಣುತ್ತದೆ. ಆಮೇಲೆ ಒಂದೂವರೆ ತಿಂಗಳು ಏನೂ ಬೆಳೆಯುತ್ತಿಲ್ಲವೇನೋ ಅನಿಸುತ್ತದೆ. ಬೇರು ಕೆಳಗಿಳಿಯುತ್ತಿರುತ್ತದೆ, ಸುಮ್ನೆ ಕೆದಕಿ ನೋಡಬೇಡಿ. ಈ ಹಂತದಲ್ಲಿ ಬೋರ್‌ವೆಲ್ ನೀರಿಗಿಂತ ಕಾವೇರಿ ನೀರೋ ಮಳೆನೀರೋ ವಾಸಿ.

ನಾಲ್ಕು ಎಲೆ ಬಂದ ಕೂಡಲೇ ಕುಂಡಕ್ಕೆ ಬದಲಿಸಿ. ತಡ ಮಾಡಿದರೆ ತಾಯಿಬೇರು ಟ್ರೇಯೊಳಗೇ ಸುತ್ತಿಕೊಂಡು ಗಿಡ ಕುಬ್ಜವಾಗುತ್ತದೆ. ಬೇರಿಗೆ ಅಂಟಿದ ಮಣ್ಣು ಉದುರದಂತೆ ಎತ್ತಿಡಿ. ನಮ್ಮ ಕೆಮ್ಮಣ್ಣು ಸಾಮಾನ್ಯವಾಗಿ ಸ್ವಲ್ಪ ಹುಳಿ. ಈ ಗಿಡಕ್ಕೆ ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 6.5ರಿಂದ 7 ಬೇಕು. ಹುಳಿ ತಗ್ಗಿಸಲು ಕಾಂಪೋಸ್ಟು, ಮರಳಿನ ಜೊತೆ ಕುಂಡಕ್ಕೊಂದು ಚಮಚ ಕೃಷಿ ಸುಣ್ಣ ಬೆರೆಸಿ.

ನೀರು ಬೆಳಗ್ಗೆ, ಬುಡಕ್ಕೆ ಮಾತ್ರ. ಎಲೆ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆ. ಕಾಂಡ ಒಂದಡಿ ದಾಟಿದರೆ ಕಡ್ಡಿ ನೆಟ್ಟು ಕಟ್ಟಿ.

ಜನವರಿ ಹೊತ್ತಿಗೆ ಮೊಗ್ಗು ಬರಬಹುದು. ನಡುವಿನ ಮೊಗ್ಗು ಉಳಿದವಕ್ಕಿಂತ ಮೊದಲೇ ದಪ್ಪಗಾಗಿ, ತುದಿಯಲ್ಲಿ ತಿರುಚಿಕೊಂಡು ನಿಂತಿರುತ್ತದೆ. ಅದನ್ನು ಉಗುರಿನಿಂದ ಚಿವುಟಿ ಹಾಕಿ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಪಕ್ಕದ ಮೊಗ್ಗುಗಳು ಹೆಚ್ಚುಕಮ್ಮಿ ಒಟ್ಟಿಗೆ ಅರಳುತ್ತವೆ.

ಹೂದಾನಿಗೆ ಬೇಕೆಂದರೆ ಕೊಂಬೆಯಲ್ಲಿ ಎರಡು ಮೂರು ಹೂ ಬಿಟ್ಟ ಮೇಲೆ ಕತ್ತರಿಸಿ. ದಿನ ಬಿಟ್ಟು ದಿನ ನೀರು ಬದಲಿಸಿದರೆ ಹತ್ತು ದಿನ ಆರಾಮಾಗಿ ಇರುತ್ತದೆ. ಕತ್ತರಿಸುವಾಗ ಬುಡದಲ್ಲಿ ಎರಡು ಜೊತೆ ಎಲೆ ಉಳಿಸಿ. ಅಲ್ಲಿಂದ ಮತ್ತೆ ಚಿಗುರಿ ಇನ್ನೊಂದು ಸುತ್ತು ಹೂ ಕೊಡುತ್ತದೆ, ಬಿಸಿಲು ತೀರಾ ಏರದಿದ್ದರೆ.