ಚಾಕು ಕೆಂಪಾದ ದಿನ ಕಲಿತ ರಸಾಯನಶಾಸ್ತ್ರ

ನಮ್ಮ ಇಬ್ಬರು ಮಕ್ಕಳೂ ಶಾಲೆಗೆ ಹೋಗುವುದಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಈ ವಿಷಯ ಬಾಯಿಬಿಟ್ಟರೆ ಮೊದಲ ಪ್ರಶ್ನೆ, "ಹಂಗಾರೆ ಎಸ್ಸೆಸ್ಸೆಲ್ಸಿ ಹೆಂಗೆ ಮಾರಾಯ್ತಿ?" ಎರಡನೆಯದು, ಸ್ವಲ್ಪ ದನಿ ತಗ್ಗಿಸಿ, "ಚರ್ಚಿನವರು ಹೇಳಿದ್ದಾ?"

ಚರ್ಚಿನವರು ಹೇಳಿದ್ದಲ್ಲ. ನಮ್ಮ ಫಾದರ್‌ಗೇ ಮೊದಲು ಇದು ಹಿಡಿಸಿರಲಿಲ್ಲ. ದೊಡ್ಡವನಿಗೆ ಮೂರನೇ ಕ್ಲಾಸು ಮುಗಿಯುತ್ತ ಬಂದರೂ ಕೂಡಿಸಿ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿದರೆ ಸಂಜೆ ಐದೂವರೆಗೆ ಮನೆ, ಆಮೇಲೆ ಹೋಂವರ್ಕಿನ ಅಳು. ರಾತ್ರಿ ತೇರ್ಸ್‌ಗೆ, ಅಂದರೆ ಜಪಮಾಲೆಗೆ ಕೂತರೆ ಎರಡನೇ ರಹಸ್ಯಕ್ಕೇ (ಜಪದ ಎರಡನೇ ಭಾಗಕ್ಕೇ) ನನ್ನ ತೊಡೆ ಮೇಲೆ ನಿದ್ದೆ. "ಈ ಮಗು ಎಚ್ಚರ ಇದ್ದಾಗ ನಾವು ಅದನ್ನ ನೋಡೋದು ಯಾವಾಗ?" ಅಂತ ಇವರು ಕೇಳಿದ ರಾತ್ರಿಯೇ ತೀರ್ಮಾನವಾಯಿತು.

ಮೊದಲ ವರ್ಷ ನಾನು ಮಾಡಿದ್ದು ಶುದ್ಧ ತಪ್ಪು. ಜಗುಲಿಯಲ್ಲಿ ಕರಿಹಲಗೆ, ಗಂಟೆ, ನಲವತ್ತು ನಿಮಿಷಕ್ಕೊಂದು ಪೀರಿಯಡ್. ಬಿಟ್ಟು ಬಂದ ಶಾಲೆಯನ್ನೇ ಮನೆಗೆ ಎಳೆದು ತಂದಿದ್ದೆ. ಜುಲೈ ಹೊತ್ತಿಗೆ ಹಗಲೇ ಕತ್ತಲು, ಕರೆಂಟಿಲ್ಲ, ಒಲೆ ಮೇಲಿನ ಹಗ್ಗದಲ್ಲಿ ಒಣಗದ ಬಟ್ಟೆ, ಗಣಿತದ ನಡುವೆ ಹಸು ಕರು ಹಾಕಿತು. ವೇಳಾಪಟ್ಟಿಯನ್ನು ಒಲೆಗೆ ಹಾಕಿದೆ. ಈಗ ದಿನಕ್ಕೆ ಎರಡೇ ಕಟ್ಟು: ತಿಂಡಿಯಾದ ಮೇಲೆ ಹನ್ನೊಂದರವರೆಗೆ ಓದು ಮತ್ತು ಲೆಕ್ಕ, ಏಳು ಗಂಟೆಗೆ ಪ್ರಾರ್ಥನೆ. ತೋಟವೇ ಪಾಠಶಾಲೆ ಅನ್ನುವ ಮಾತು ಕೇಳಲು ಚಂದ. ಮಗ್ಗಿ ಮಾತ್ರ ಕೂತು ಬಾಯಿಪಾಠ ಮಾಡದೆ ಬರುವುದಿಲ್ಲ.

ಆದರೂ ತೋಟದ ಪಾಲು ದೊಡ್ಡದು. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಬೇಕಲ್ಲ. ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ನಮ್ಮ ಡ್ರಮ್ಮು 200 ಲೀಟರಿನದು. ಎಷ್ಟೆಷ್ಟು ಬೇಕೆಂದು ಮಗನೇ ಲೆಕ್ಕ ಹಾಕಿದ. ಎರಡನ್ನೂ ಅರ್ಧರ್ಧ ನೀರಿನಲ್ಲಿ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯುತ್ತ ಕದಡಬೇಕು. ಕೊನೆಗೆ ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ನೋಡುವುದು. ಆ ಸಲ ಅಲಗಿನ ಮೇಲೆ ತೆಳ್ಳಗೆ ಕೆಂಪು ಕೂತಿತ್ತು. ಮಗಳು "ಮಮ್ಮಿ, ತುಕ್ಕು!" ಅಂದಳು. ತುಕ್ಕಲ್ಲ, ತಾಮ್ರ. ಸುಣ್ಣ ಸಾಲದೆ ಉಳಿದ ತಾಮ್ರವನ್ನು ಕಬ್ಬಿಣ ಹೊರಗೆಳೆದಿತ್ತು. ಹಾಗೇ ಹೊಡೆದಿದ್ದರೆ ಎಳೆಗಾಯಿ ಸುಟ್ಟುಹೋಗುತ್ತಿತ್ತು. ನಾನು ಕೊಟ್ಟಿಗೆಯಲ್ಲಿ ಬಾಯಿ ಬಿಟ್ಟಿಟ್ಟಿದ್ದ ಹಳೇ ಸುಣ್ಣ ಸತ್ವ ಕಳಕೊಂಡಿತ್ತು. ಹೊಸ ಸುಣ್ಣ ತಂದು, ಸ್ವಲ್ಪ ಸ್ವಲ್ಪ ಬೆರೆಸಿ, ನಾಲ್ಕನೇ ಸಲ ಚಾಕು ಬೆಳ್ಳಗೆ ಬಂತು. ವಿಜ್ಞಾನದ ಪುಸ್ತಕದಲ್ಲಿ "ಸ್ಥಾನಪಲ್ಲಟ ಕ್ರಿಯೆ" ಬಂದಾಗ ಅವನು ಓದುವ ಮೊದಲೇ ನಕ್ಕ.

ಮನೆಮಾತು ಕೊಂಕಣಿ, ಪಾಠ ಕನ್ನಡದಲ್ಲಿ. ಮಗಳು ದಿನಕ್ಕೊಂದು ಪದ ಆರಿಸಿ ಕಿಟ್ಟೆಲ್ ನಿಘಂಟಿನಲ್ಲಿ ಹುಡುಕುತ್ತಾಳೆ. ಬಾಸೆಲ್ ಮಿಶನ್ನಿನ ಆ ಜರ್ಮನ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು, ಸುಮಾರು 70,000 ಪದ. ಅರ್ಥ ಇಂಗ್ಲಿಷಿನಲ್ಲಿರುವುದರಿಂದ ಒಂದೇ ಏಟಿಗೆ ಎರಡು ಭಾಷೆ. ಕಥೋಲಿಕರ ಮನೆಯಲ್ಲಿ ಪ್ರೊಟೆಸ್ಟೆಂಟರ ಪುಸ್ತಕವಾ ಅಂತ ನಮ್ಮ ಮಾವ ತಮಾಷೆ ಮಾಡುತ್ತಾರೆ. ಹರಿದ ಬೈಂಡಿಗೆ ಮೈದಾ ಅಂಟು ಹಚ್ಚಿದವರೂ ಅವರೇ.

ಪರೀಕ್ಷೆಗೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ. ಹತ್ತನೇ ತರಗತಿಗೆ ಸಮವಾದ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು, ಐದು ವಿಷಯ ಪಾಸಾಗಬೇಕು. ಬರುವ ವರ್ಷ ಮಗನ ಸರದಿ.

ಸೋತಿದ್ದು ಒಂದು ಕಡೆ. ಭಾನುವಾರ ಪೂಜೆ, ಧರ್ಮೋಪದೇಶದ ತರಗತಿ ಇಷ್ಟೇ ಗೆಳೆಯರಿಗೆ ಸಾಕು ಅಂದುಕೊಂಡಿದ್ದೆ. ಹೋದ ನವೆಂಬರಿನಲ್ಲಿ ಅಡಿಕೆ ಸುಲಿಯುತ್ತ ಮಗ ತಲೆ ಎತ್ತದೆ ಹೇಳಿದ: "ಮಮ್ಮಿ, ಕಬಡ್ಡಿಗೆ ಏಳು ಜನ ಬೇಕು. ನಾವಿರೋದು ಇಬ್ಬರು." ನನಗೆ ಉತ್ತರ ಹೊಳೆಯಲಿಲ್ಲ. ಮರುದಿನದಿಂದ ನಾಲ್ಕೂವರೆಗೆ ಅವನನ್ನು ಸ್ಕೂಟರಿನಲ್ಲಿ ಊರ ಶಾಲೆಯ ಮೈದಾನಕ್ಕೆ ಬಿಡುತ್ತಿದ್ದೇನೆ. ಮೊದಲ ವಾರ ಗೆರೆಯ ಹೊರಗೆ ನಿಂತು ನೋಡಿ ಬಂದ. ಈಗ ಮೊಣಕೈ ತರಚಿಕೊಂಡು, ಏಳಕ್ಕೆ ಐದು ನಿಮಿಷ ಇರುವಾಗ ಓಡಿ ಬರುತ್ತಾನೆ.