ಜೆಂಕಿನ್ಸ್ ಅಪ್‌ಡೇಟ್‌ಗೆ ಅರ್ಧ ಗಂಟೆ, ಪಾಸ್‌ವರ್ಡ್ ಬದಲಿಸೋಕೆ ನಾಲ್ಕು ದಿನ

2024ರ ಜನವರಿ 24, ಬುಧವಾರ. ಸಾಫ್ಟ್‌ವೇರನ್ನು ಕಟ್ಟಿ, ಪರೀಕ್ಷಿಸಿ, ಸರ್ವರಿಗೆ ಏರಿಸುವ ಕೆಲಸವನ್ನು ತಾನಾಗಿಯೇ ಮಾಡುವ ತಂತ್ರಾಂಶ ಜೆಂಕಿನ್ಸ್. ಅದರವರು ಒಂದು ಭದ್ರತಾ ಎಚ್ಚರಿಕೆ ಹೊರಡಿಸಿದರು. ನಾನು ನೋಡಿದ್ದು ಮರುದಿನ ಬೆಳಿಗ್ಗೆ. ಶುಕ್ರವಾರ ಗಣರಾಜ್ಯೋತ್ಸವದ ರಜೆ. ಟೀಮಿನಲ್ಲಿ ಅರ್ಧ ಜನ ಊರಿಗೆ ಬಸ್ ಬುಕ್ ಮಾಡಿಯಾಗಿತ್ತು.

ಬಿಲ್ಡ್, ಟೆಸ್ಟ್, ಡಿಪ್ಲಾಯ್ ಎಲ್ಲವನ್ನೂ ನಮ್ಮಲ್ಲಿ ಜೆಂಕಿನ್ಸೇ ಮಾಡುತ್ತಿತ್ತು. ಹಾಗಾಗಿ ಎಲ್ಲ ಸರ್ವರುಗಳ ಕೀಲಿಯೂ ಅದರ ಹತ್ತಿರವೇ. ವೆಬ್‌ಹುಕ್ (ಕೋಡ್ ಬದಲಾದಾಗ ಹೊರಗಿನಿಂದ ತಾನಾಗಿ ಬರುವ ಸೂಚನೆ) ಬರಲಿ ಎಂದು ಅದನ್ನು ಇಂಟರ್ನೆಟ್ಟಿಗೂ ತೆರೆದಿಟ್ಟಿದ್ದೆವು.

ಎಚ್ಚರಿಕೆಯಲ್ಲಿದ್ದ ದೋಷಕ್ಕೆ, ಸಾಫ್ಟ್‌ವೇರ್ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿನ ನಂಬರ್ ಸಿವಿಇ-2024-23897. ಕಮಾಂಡ್ ಲೈನಿನಿಂದ, ಅಂದರೆ ಟೈಪ್ ಮಾಡಿ ಕಳಿಸುವ ದಾರಿಯಿಂದ, ಬರುವ ಕಮಾಂಡನ್ನು ಬಿಡಿಸಿ ಓದಲು ಜೆಂಕಿನ್ಸ್ ಆರ್ಗ್ಸ್‌ಫೋರ್‌ಜೆ ಎಂಬ ಲೈಬ್ರರಿ (ಸಿದ್ಧ ಕೋಡ್) ಬಳಸುತ್ತದೆ. ಅದಕ್ಕೊಂದು ಅಭ್ಯಾಸ. '@' ಹಾಕಿ ಫೈಲಿನ ಹೆಸರು ಕೊಟ್ಟರೆ, ಆ ಫೈಲು ತೆರೆದು ಅದರಲ್ಲಿರುವುದನ್ನೇ ಕಮಾಂಡಿಗೆ ತುಂಬುತ್ತದೆ. ನಮ್ಮ ಸ್ವಂತ ಕಂಪ್ಯೂಟರಿನಲ್ಲಾದರೆ ಇದು ಅನುಕೂಲವೇ. ಇಲ್ಲಿ ತೆರೆಯುತ್ತಿದ್ದುದು ಸರ್ವರಿನ ಫೈಲು! ಕಮಾಂಡಿಗೆ ಅದು ಅರ್ಥವಾಗದೆ ಎರರ್ ಬರುತ್ತಿತ್ತು, ಆ ಎರರಿನೊಳಗೆ ಫೈಲಿನ ಸಾಲುಗಳೂ ಬರುತ್ತಿದ್ದವು. ಓದುವ ಅನುಮತಿ ಇದ್ದವರಿಗೆ ಇಡೀ ಫೈಲು. ಲಾಗಿನ್ನೇ ಇಲ್ಲದವರಿಗೆ ಮೊದಲ ಕೆಲವು ಸಾಲು.

ಕೆಲವೇ ಸಾಲು ತಾನೇ ಎಂದುಕೊಂಡೆ. ಖಾತ್ರಿಗೆ, ನಮ್ಮದೇ ಟೆಸ್ಟ್ ಸರ್ವರಿನ ಮೇಲೆ ಲಾಗಿನ್ ಇಲ್ಲದೆ ಪ್ರಯತ್ನಿಸಿದೆ. ಕೇಳಿದ್ದು ಲಿನಕ್ಸ್‌ನಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು (ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಕೊಡುವ ಸೆಟ್ಟಿಂಗುಗಳು) ಸಿಗುವ ಫೈಲು. ಅಲ್ಲಿ ಅವೆಲ್ಲ ಸಾಲು ಮುರಿಯದೆ ಒಂದೇ ಉದ್ದಕ್ಕೆ ಇರುತ್ತವೆ. ಒಂದು ಸಾಲು ಸಿಕ್ಕರೆ ಎಲ್ಲವೂ ಸಿಕ್ಕ ಹಾಗೆ, ಅಲ್ವಾ? ನಮ್ಮ ಡೇಟಾಬೇಸಿನ ಪಾಸ್‌ವರ್ಡ್ ಪರದೆಯ ಮೇಲೆ ಬಂತು. ಎದೆ ಧಸಕ್ ಎಂದಿತು. ಅದನ್ನು ಅಲ್ಲಿ ಇಟ್ಟವನು ನಾನೇ.

ಮೊದಲು ಕಮಾಂಡ್ ಲೈನಿನ ದಾರಿ ಮುಚ್ಚಿದೆ. ಅದಕ್ಕೆ ರೀಸ್ಟಾರ್ಟ್ ಕೂಡ ಬೇಕಾಗಲಿಲ್ಲ. ಆಮೇಲೆ ದೋಷ ಸರಿಪಡಿಸಿದ ಆವೃತ್ತಿ 2.426.3ಕ್ಕೆ ಅಪ್‌ಡೇಟ್ ಮಾಡಿದೆ.

"ಹಾಗಾದ್ರೆ ಮುಗೀತಲ್ಲ?" ಎಂದರು ಮ್ಯಾನೇಜರ್.

"ಇಲ್ಲ ಸರ್. ಬಾಗಿಲು ಈಗ ಹಾಕಿದ್ದೀವಿ. ಅಷ್ಟರಲ್ಲಿ ಯಾರಾದ್ರೂ ಕೀಲಿಯ ನಕಲು ಮಾಡ್ಕೊಂಡಿದ್ರೆ?"

ಸರ್ವರಿನ ಲಾಗ್ (ಯಾರು ಏನು ಕೇಳಿದರು ಎಂಬ ದಾಖಲೆ) ತೆಗೆದು ನೋಡಿದೆವು. ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ. ಆದರೆ ನಮ್ಮ ಹತ್ತಿರ ಇದ್ದದ್ದು 30 ದಿನದ ಲಾಗ್ ಮಾತ್ರ. ದೋಷ ಅದಕ್ಕಿಂತ ಎಷ್ಟೋ ಹಳೆಯದು. ಜೆಂಕಿನ್ಸ್ ಪಾಸ್‌ವರ್ಡ್‌ಗಳಿಗೆ ಬೀಗ ಹಾಕಿಯೇ ಇಡುತ್ತದೆ, ನಿಜ. ಆದರೆ ಬೀಗದ ಕೀಲಿಯೂ ಅದೇ ಸರ್ವರಿನಲ್ಲಿ ಫೈಲಾಗಿಯೇ ಇರುತ್ತದೆ. ಎಲ್ಲವನ್ನೂ ಬದಲಿಸಲೇಬೇಕು ಎಂದು ನಾನು ಹಟ ಹಿಡಿದೆ. ಮ್ಯಾನೇಜರ್ ಒಪ್ಪಿದರು.

ಇಲ್ಲಿಂದ ನಿಜವಾದ ಕೆಲಸ. ಪಟ್ಟಿ ಮಾಡಿದರೆ ಪಾಸ್‌ವರ್ಡ್, ಕೀ ಎಲ್ಲ ಸೇರಿ 41 ಗುಟ್ಟುಗಳು. ಡೇಟಾಬೇಸ್, ಕ್ಲೌಡ್ ಕೀ ಸುಲಭ. ಕಷ್ಟವಾದದ್ದು ಯಾರದ್ದೆಂದು ಯಾರಿಗೂ ಗೊತ್ತಿಲ್ಲದವು. 'ಡಿಪ್ಲಾಯ್-ಹಳೇದು' ಎಂಬ ಹೆಸರಿನ ಎಸ್‌ಎಸ್‌ಎಚ್ ಕೀ (ದೂರದ ಸರ್ವರಿಗೆ ಲಾಗಿನ್ ಆಗಲು ಬಳಸುವ ಕೀಲಿ) ಒಂದಿತ್ತು. ಅದನ್ನು ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು. ಫೋನ್ ಮಾಡಿ ಕೇಳಿದೆ, ಪಾಪ, ಅವರಿಗೂ ನೆನಪಿರಲಿಲ್ಲ. ಭಾನುವಾರ ರಾತ್ರಿ ಅದನ್ನು ಧೈರ್ಯ ಮಾಡಿ ತೆಗೆದೆ. ಸೋಮವಾರ ಬೆಳಿಗ್ಗೆ ಅಕೌಂಟ್ಸ್‌ನಿಂದ ಕರೆ: "ದಿನದ ರಿಪೋರ್ಟ್ ಬಂದಿಲ್ಲ."

ಆ ಕೀಯ ಮಾಲೀಕರು ಸಿಕ್ಕಿದ್ದು ಹಾಗೆ. ಅವರಿಗೆ ಹೊಸ ಕೀ ಮಾಡಿಕೊಟ್ಟೆ. ಆ ರಿಪೋರ್ಟ್ ಬಿಟ್ಟರೆ ಬೇರೇನನ್ನೂ ಅದು ಮುಟ್ಟಲಾರದು.