ನಕ್ಷತ್ರ ತೋರಿಸಿ ಮಾತಾಡಿಸುವುದು ಹೇಗೆ

ಯಾರನ್ನಾದರೂ ರಾತ್ರಿ ಹೊರಗೆ ಕರೆದು "ಆ ನಕ್ಷತ್ರ ನೋಡಿ" ಅಂದರೆ ಒಂದು ನಿಮಿಷ ನೋಡುತ್ತಾರೆ, "ಚೆನ್ನಾಗಿದೆ" ಅನ್ನುತ್ತಾರೆ, ಒಳಗೆ ಹೋಗುತ್ತಾರೆ. ಅದೇ, "ಈಗ ನಿಮ್ಮ ಕಣ್ಣಿಗೆ ಬೀಳುತ್ತಿರುವ ಬೆಳಕು ಅಲ್ಲಿಂದ ಹೊರಟಾಗ ನಿಮಗೆ ಮೂವತ್ತು ವರ್ಷ" ಅಂದು ನೋಡಿ. ನಮ್ಮಪ್ಪ ಒಳಗೆ ಹೋಗಲೇ ಇಲ್ಲ.

ಲೆಕ್ಕ ಸುಲಭ. ಸೂರ್ಯನ ಬೆಳಕು ನಮ್ಮನ್ನು ತಲುಪಲು ಸುಮಾರು 8 ನಿಮಿಷ 20 ಸೆಕೆಂಡ್ ಬೇಕು. ನಕ್ಷತ್ರಗಳ ಬೆಳಕಿಗೆ ವರ್ಷಗಳೇ ಬೇಕು. ಲುಬ್ಧಕದಿಂದ 8.6 ವರ್ಷ. ಶ್ರವಣದಿಂದ ಸುಮಾರು 17, ಅಭಿಜಿತ್‌ನಿಂದ 25. ಪುನರ್ವಸು ಜೋಡಿಯಲ್ಲಿ ಜಾಸ್ತಿ ಹೊಳೆಯುವ ಪೋಲಕ್ಸ್‌ನಿಂದ 34, ಸ್ವಾತಿಯಿಂದ 37, ಬ್ರಹ್ಮಹೃದಯದಿಂದ 43, ರೋಹಿಣಿಯಿಂದ ಸುಮಾರು 65, ಮಖಾದಿಂದ 79. ಎದುರಿಗಿರುವವರ ವಯಸ್ಸಿನಿಂದ ಈ ಸಂಖ್ಯೆ ಕಳೆಯಿರಿ. ಬೆಳಕು ಹೊರಟಾಗ ಅವರ ವಯಸ್ಸು ಎಷ್ಟಿತ್ತು ಅಂತ ಸಿಕ್ಕಿತು.

ಹುಟ್ಟಿದ ವರ್ಷಕ್ಕೇ ಸರಿಹೊಂದುವ ನಕ್ಷತ್ರ ಹುಡುಕಬೇಕು ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಹುಟ್ಟಿದ್ದು ಯಾರಿಗೆ ನೆನಪಿರುತ್ತದೆ? ಅವರಿಗೆ ನೆನಪಿರುವ ವಯಸ್ಸಿಗೆ ಹೊಂದುವುದನ್ನು ಆರಿಸಿ. ಮೂವತ್ತೈದರವರಿಗೆ ಅಭಿಜಿತ್ ತೋರಿಸಿದರೆ ಆ ಬೆಳಕು ಹೊರಟಾಗ ಅವರು ಹತ್ತು ವರ್ಷದವರು. ಐವತ್ತೈದರವರಿಗೆ ಸ್ವಾತಿ ತೋರಿಸಿದರೆ ಹದಿನೆಂಟು. ಆಮೇಲೆ ಒಂದೇ ಪ್ರಶ್ನೆ ಸಾಕು: "ಆ ವರ್ಷ ನೀವು ಎಲ್ಲಿದ್ರಿ?"

ಅಪ್ಪನಿಗೆ ಅರವತ್ತೇಳು. ಸ್ವಾತಿ ತೋರಿಸಿ ಇದನ್ನೇ ಕೇಳಿದೆ. ಆ ವರ್ಷ ಅವರು ಹೊಸ ಕೆಲಸಕ್ಕೆ ಸೇರಿ ಬಾಡಿಗೆ ರೂಮಿನಲ್ಲಿ ಒಬ್ಬರೇ ಇದ್ದರಂತೆ. ಪಕ್ಕದ ರೂಮಿನವನು ದಿನಾ ರಾತ್ರಿ ಕೊಳಲು ಕಲಿಯುತ್ತಿದ್ದನಂತೆ, ಬಹಳ ಕೆಟ್ಟದಾಗಿ. ಬೈಯಲು ಅಂತ ಹೋದವರು ಅವನ ಜೊತೆ ಬೆಳಗಿನ ತನಕ ಮಾತಾಡಿ ಬಂದರಂತೆ. ಈ ಕೊಳಲಿನವನ ಸುದ್ದಿಯನ್ನೇ ನಾನು ಅದುವರೆಗೆ ಕೇಳಿರಲಿಲ್ಲ. "ಅಪ್ಪಾ, ನಿಮ್ಮ ಹಳೇ ಕಥೆ ಹೇಳಿ" ಅಂತ ಸುಮ್ನೆ ಕೇಳಿದ್ದರೆ "ಏನಿದೆ ಹೇಳೋಕೆ" ಅಂತಿದ್ದರು.

ಒಂದು ಎಚ್ಚರಿಕೆ. ಆ ವರ್ಷ ಅವರಿಗೆ ಕೆಟ್ಟದ್ದಾಗಿರಬಹುದು. ಯಾರನ್ನೋ ಕಳೆದುಕೊಂಡಿರಬಹುದು. ಮಾತು ನಿಂತರೆ ಕೆದಕಬೇಡಿ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ. ಇಲ್ಲದಿದ್ದರೆ ಇನ್ನೊಂದು ನಕ್ಷತ್ರ ಇದ್ದೇ ಇದೆ.

ಈಗ ಹುಡುಕುವ ವಿಷಯ. ನಾನು ಹೇಳಿದವೆಲ್ಲ ಚೆನ್ನಾಗಿ ಹೊಳೆಯುವ ನಕ್ಷತ್ರಗಳು, ದೀಪಗಳ ನಡುವೆ ಇರುವ ಟೆರೇಸಿನಿಂದಲೂ ಕಾಣುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಸಂಜೆಯಾದ ಮೇಲೆ ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳನ್ನು ಹಿಡಿಯಿರಿ. ಒಂದೇ ಸಾಲಿನಲ್ಲಿ ಒತ್ತಾಗಿ ಇರುತ್ತವೆ, ತಪ್ಪುವುದಿಲ್ಲ. ಆ ಗೆರೆಯನ್ನು ಒಂದು ಕಡೆಗೆ ಎಳೆದರೆ ಲುಬ್ಧಕ, ಇನ್ನೊಂದು ಕಡೆಗೆ ಎಳೆದರೆ ಕೆಂಪು ಛಾಯೆಯ ರೋಹಿಣಿ. ಮೇ, ಜೂನ್, ಜುಲೈನಲ್ಲಿ ಸಪ್ತರ್ಷಿ ಮಂಡಲದ ಬಾಲ ಬಾಗಿದ ದಿಕ್ಕಿನಲ್ಲೇ ಮುಂದೆ ಹೋಗಿ, ಸ್ವಾತಿ ಸಿಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ಗೆ ಅಭಿಜಿತ್ ಮತ್ತು ಶ್ರವಣ. ಶ್ರವಣದ ಎರಡೂ ಪಕ್ಕದಲ್ಲಿ ಒಂದೊಂದು ಮಂಕು ನಕ್ಷತ್ರ ಇರುತ್ತದೆ, ಅದೇ ಗುರುತು. ರೋಹಿಣಿ, ಪುನರ್ವಸು, ಮಖಾ ಇರುವ ದಾರಿಯಲ್ಲೇ ಗ್ರಹಗಳೂ ಓಡಾಡುತ್ತವೆ. ಮಿನುಗದೆ ಒಂದೇ ಸಮನೆ ಹೊಳೆಯುತ್ತಿದ್ದರೆ ಅದು ಬಹುಶಃ ಗ್ರಹ. ಬೇರೆಯವರನ್ನು ಕರೆಯುವ ಮೊದಲು ನೀವೊಬ್ಬರೇ ಹೋಗಿ ಗುರುತಿಸಿಕೊಂಡು ಬನ್ನಿ. ಅವರನ್ನು ನಿಲ್ಲಿಸಿಕೊಂಡು ಫೋನಿನಲ್ಲಿ ಆ್ಯಪ್ ತಡಕಾಡಿದರೆ ಇಬ್ಬರೂ ಫೋನ್ ನೋಡುತ್ತಾ ನಿಲ್ಲುತ್ತೀರಿ, ಅಲ್ವಾ?

ತೋರಿಸಲೂ ಒಂದು ರೀತಿ ಇದೆ. ದೂರ ನಿಂತು ಬೆರಳು ತೋರಿಸಿದರೆ ಅವರಿಗೆ ಬೇರೆಯದೇ ಕಾಣುತ್ತದೆ. ಅವರ ಹಿಂದೆ ನಿಂತು, ಅವರ ಹೆಗಲ ಮೇಲಿಂದ ಕೆನ್ನೆಯ ಪಕ್ಕಕ್ಕೆ ಕೈ ಚಾಚಿ. ತೋಳಿನ ಉದ್ದಕ್ಕೆ ನೋಡಲು ಹೇಳಿ. ಅಪ್ಪನ ಹೆಗಲ ಮೇಲೆ ಕೈ ಇಡಲು ನಮ್ಮಂಥ ದೊಡ್ಡ ಮಕ್ಕಳಿಗೆ ಬೇರೆ ಯಾವ ನೆಪ ಸಿಗುತ್ತದೆ ಹೇಳಿ!

ಮಕ್ಕಳಾದರೆ ಪ್ರಶ್ನೆ ನೀವು ಕೇಳಬೇಕಿಲ್ಲ, ಅವರೇ ಶುರುಮಾಡುತ್ತಾರೆ. ನನ್ನ ಮಗಳಿಗೆ ಒಂಬತ್ತು. ಲುಬ್ಧಕ ನೋಡಿ, "ಹಾಗಾದ್ರೆ ಅಲ್ಲಿಂದ ಯಾರಾದ್ರೂ ನನ್ನ ನೋಡಿದ್ರೆ ನಾನಿನ್ನೂ ಪಾಪುನಾ?" ಅಂದಳು. ಹೌದು, ಅಷ್ಟು ದೊಡ್ಡ ದೂರದರ್ಶಕ ಅವರ ಹತ್ತಿರ ಇದ್ದರೆ ಅವರಿಗೆ ಕಾಣುವುದು ತೊಟ್ಟಿಲಲ್ಲಿರುವ ಕೂಸು. ಸ್ವಲ್ಪ ಹೊತ್ತು ಯೋಚಿಸಿ ನಕ್ಷತ್ರಕ್ಕೆ ಕೈ ಬೀಸಿದಳು. ಅದು ತಲುಪುವಾಗ ಅವಳಿಗೆ ಹದಿನೇಳು ದಾಟಿರುತ್ತದೆ.

"ಇಷ್ಟು ದೂರ ಅಂತ ಹೇಗೆ ಗೊತ್ತು?" ಅಂತ ಒಬ್ಬರಾದರೂ ಕೇಳುತ್ತಾರೆ. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಬೆರಳು ಆಚೀಚೆ ಸರಿದ ಹಾಗೆ ಕಾಣುತ್ತದೆ. ಭೂಮಿ ಸೂರ್ಯನ ಸುತ್ತ ಆರು ತಿಂಗಳಲ್ಲಿ ಎದುರು ಬದಿಗೆ ಹೋದಾಗ ಹತ್ತಿರದ ನಕ್ಷತ್ರಗಳೂ ಹೀಗೇ ಕೂದಲೆಳೆಯಷ್ಟು ಸರಿದಂತೆ ಕಾಣುತ್ತವೆ. 1838ರಲ್ಲಿ ಬೆಸೆಲ್ ಎಂಬ ಖಗೋಳ ವಿಜ್ಞಾನಿ ಹೀಗೆ ಅಳೆದು ಒಂದು ನಕ್ಷತ್ರದ ದೂರ ಹೇಳಿದರು. ಇದಕ್ಕಿಂತ ಜಾಸ್ತಿ ಪಾಠ ಬೇಡ. ಕರೆದದ್ದು ಮಾತಾಡಲು.

ಬೇಕಾದವರು ದೂರದ ಊರಿನಲ್ಲಿದ್ದರೆ ಇಬ್ಬರೂ ಹೊರಗೆ ಬಂದು ಫೋನ್ ಮಾಡಿಕೊಳ್ಳಿ, ಒಂದೇ ನಕ್ಷತ್ರ ನೋಡಿ. ಭೂಮಿಯ ಇನ್ನೊಂದು ಮಗ್ಗುಲಲ್ಲಿದ್ದರೆ ನಿಮ್ಮ ರಾತ್ರಿ ಅವರ ಹಗಲು. ಆಗ ಯಾವ ನಕ್ಷತ್ರ, ಯಾವ ವರ್ಷ ಅಂತ ಮೆಸೇಜ್ ಹಾಕಿಡಿ. ಅವರಿಗೆ ಕತ್ತಲಾದಾಗ ನೋಡಿ, ಆ ವರ್ಷದ ಕಥೆಯನ್ನು ರೆಕಾರ್ಡ್ ಮಾಡಿ ಕಳಿಸಲಿ. ಬರೆದು ಕಳಿಸಬೇಡಿ ಅನ್ನಿ. ಬರೆಯಲು ಕೂತರೆ ಎರಡು ಸಾಲಿಗೆ ಮುಗಿಸಿಬಿಡುತ್ತಾರೆ.